ಗುಜರಿಗೂ ಬೇಡ, ಪ್ರದರ್ಶನಕ್ಕೂ ಬೇಡ: ಹಳೆಯ ಬುಲೆಟ್ಟಿನ ಪರವಾಗಿ

ಪರಿಸರದ ಕಾಳಜಿ ಹೊತ್ತ ಪತ್ರಿಕೆಯಲ್ಲಿ ಪೆಟ್ರೋಲ್ ಕುಡಿದು ಹೊಗೆಯುಗುಳುವ ಮೋಟಾರ್ ಸೈಕಲ್ಲಿನ ಪರವಾಗಿ ಬರೆಯುವುದು ಎಷ್ಟು ಸರಿ ಎಂದು ಕೆಲವು ಗೆಳೆಯರು ಹುಬ್ಬೇರಿಸಬಹುದು. ನದಿ, ಕಾಡು, ಬೆಟ್ಟಗಳಿಗೆ ಮೀಸಲಾದ ಪುಟಗಳಿವು ಎಂಬುದು ನನಗೂ ತಿಳಿದಿದೆ. ಆದರೆ ನಮ್ಮ ಕಟ್ಟಾಯ ಹೋಬಳಿಯಿಂದ ಹಿಡಿದು ಆಲೂರು, ಸಕಲೇಶಪುರದ ತೋಟದ ಮನೆಗಳವರೆಗೆ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುವ ಹಳೆಯ ಬುಲೆಟ್ಟುಗಳು ಇನ್ನೂ ಇವೆ. ಒಂದು ಕಡೆಯಿಂದ ಗುಜರಿಯವರು ತಕ್ಕಡಿ ಹಿಡಿದು ಬರುತ್ತಿದ್ದಾರೆ. ಇನ್ನೊಂದು ಕಡೆಯಿಂದ ಬೆಂಗಳೂರಿನ ಶೋಕಿಲಾಲರು ನೋಟಿನ ಕಂತೆ ಹಿಡಿದು ಬರುತ್ತಿದ್ದಾರೆ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ, ಅದು ಪರಿಸರದ ದಾರಿಯೂ ಹೌದು ಎಂಬುದು ನನ್ನ ವಾದ.

ಬುಲೆಟ್ಟಿನ ಹುಟ್ಟೂರು ಇಂಗ್ಲೆಂಡಿನ ರೆಡಿಚ್. ಆ ಹೆಸರು ಮೊದಲು ಬಳಕೆಗೆ ಬಂದದ್ದು 1932ರಲ್ಲಿ. ನಾವು ಕಾಣುವ ರೂಪ, ಅಂದರೆ ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಇರುವ 350 ಸಿಸಿಯ ಗಾಡಿ, 1949ರದು. ಸ್ವಾತಂತ್ರ್ಯಾನಂತರ ಗಡಿಯ ಗಸ್ತಿಗಾಗಿ ನಮ್ಮ ಸೈನ್ಯ ಇದನ್ನು ಆರಿಸಿಕೊಂಡಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್‌ನವರ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ತಿರುವೊಟ್ರಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಮುಂದೆ ಇಂಗ್ಲೆಂಡಿನಲ್ಲಿ ಬಿ.ಎಸ್.ಎ., ನಾರ್ಟನ್, ಮ್ಯಾಚ್‌ಲೆಸ್ ಮುಂತಾದ ದೊಡ್ಡ ಹೆಸರುಗಳೆಲ್ಲ ಒಂದೊಂದಾಗಿ ಕುಸಿದವು. 1970ರ ಹೊತ್ತಿಗೆ ಬುಲೆಟ್ಟಿನ ಮೂಲ ಕಂಪನಿಯೂ ಮುಚ್ಚಿತು. ಮದ್ರಾಸಿನಲ್ಲಿ ಮಾತ್ರ ಅದೇ ಯಂತ್ರ ಹೆಚ್ಚು ಬದಲಾಗದೆ ತಯಾರಾಗುತ್ತಲೇ ಇತ್ತು. 1977ರಿಂದ ತವರಿಗೇ ರಫ್ತಾಯಿತು. ಎರಕದ ಕಬ್ಬಿಣದ ಸಿಲಿಂಡರಿನ ಆ ಹಳೆಯ ಎಂಜಿನ್ನಿಗೆ ವಿದಾಯ ಹೇಳಿದ್ದು 2010ರ ಸುಮಾರಿಗೆ. (ಮೈಸೂರಿನ ಜಾವಾ ಅಭಿಮಾನಿಗಳು ಮುನಿಸಿಕೊಳ್ಳಬಾರದು. ಅದು ಜೆಕ್ ಮೂಲದ ಟೂ-ಸ್ಟ್ರೋಕ್ ಗಾಡಿ, ಅದರ ಕಥೆಯೇ ಬೇರೆ.)

ಒಂದು ಯಂತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಹುಮಟ್ಟಿಗೆ ಒಂದೇ ವಿನ್ಯಾಸದಲ್ಲಿ ಉಳಿಯಿತೆಂದರೆ ಅದನ್ನು ಹಿಂದುಳಿದಿರುವಿಕೆ ಎನ್ನುವವರಿದ್ದಾರೆ. ರೈತನ ಕಣ್ಣಿನಿಂದ ನೋಡಿದರೆ ಅದೇ ಅದರ ಗುಣ. ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ. ಒಂದನ್ನು ಬಿಚ್ಚಲು ಇನ್ನೊಂದನ್ನು ಕದಲಿಸಬೇಕಾಗಿಲ್ಲ. ಎಪ್ಪತ್ತು ಮಿಲಿಮೀಟರ್ ಅಗಲದ ಒಂದೇ ಪಿಸ್ಟನ್ನು, ತೊಂಬತ್ತು ಮಿಲಿಮೀಟರ್ ಓಡಾಟ. ಬೋರು ಸವೆದರೆ ಲೇತ್ ಕೆಲಸದವರು ಕೊರೆದು ಓವರ್‌ಸೈಜ್ ಪಿಸ್ಟನ್ ಕೂರಿಸುತ್ತಾರೆ. ಟ್ಯಾಪೆಟ್ ಹೊಂದಿಸಲು ಅಳತೆಪಟ್ಟಿಯೂ ಬೇಡ. ಎಂಜಿನ್ ತಣ್ಣಗಿದ್ದಾಗ ಪುಶ್ ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು, ಅಷ್ಟೇ. ಚಾಲೂ ಮಾಡುವುದಕ್ಕೂ ಒಂದು ಕ್ರಮವಿದೆ. ಆಮ್ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ನಿಧಾನವಾಗಿ ತುಳಿದು, ಡಿಕಂಪ್ರೆಶರ್ ಹಿಡಿದು ಪಿಸ್ಟನ್ನನ್ನು ಸ್ವಲ್ಪ ದಾಟಿಸಿ, ಕೈಬಿಟ್ಟು, ಆಮೇಲೆ ಒಂದೇ ಒದೆತ. ಅವಸರ ಮಾಡಿದವನ ಕಾಲಿಗೆ ಕಿಕ್ಕರ್ ತಿರುಗಿ ಹೊಡೆಯುತ್ತದೆ. ನಮ್ಮ ಡೀಸೆಲ್ ಪಂಪ್‌ಸೆಟ್ಟು, ಪವರ್ ಟಿಲ್ಲರುಗಳೂ ಒಂಟಿ ಸಿಲಿಂಡರಿನ ಕುಲಕ್ಕೇ ಸೇರಿದವು. ಅವನ್ನು ರಿಪೇರಿ ಮಾಡಬಲ್ಲ ಕೈಗೆ ಬುಲೆಟ್ ಅಪರಿಚಿತವಲ್ಲ.

ಬೀಜದ ವಿಷಯದಲ್ಲಿ ನಾವು ಈ ಪಾಠವನ್ನು ಈಗಾಗಲೇ ಕಲಿತಿದ್ದೇವೆ. ಹಾಸನದ ಆಲೂಗಡ್ಡೆ ಬೆಳೆಗಾರರು ಪ್ರತಿ ವರ್ಷ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಗೆ ಕಾಯಬೇಕು. ಹೈಬ್ರಿಡ್ ಜೋಳ ಹಾಕುವವರು ಪ್ರತಿ ಹಂಗಾಮಿಗೂ ಅಂಗಡಿಗೆ ಹೋಗಬೇಕು. ಮನೆಯ ಕಣಜದಲ್ಲಿ ಉಳಿಸಿಕೊಳ್ಳಬಹುದಾದ ರಾಗಿಯ ಬೀಜಕ್ಕೂ ಇವಕ್ಕೂ ಇರುವ ವ್ಯತ್ಯಾಸವೇ, ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ ಯಂತ್ರಕ್ಕೂ ಕಂಪನಿಯ ಕಂಪ್ಯೂಟರ್ ಜೋಡಿಸದೆ ರೋಗವನ್ನೇ ಹೇಳದ ಯಂತ್ರಕ್ಕೂ ಇದೆ. ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ ಕೊನೆಗೆ ನಿಂತಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಹಳೆಯದನ್ನೆಲ್ಲ ಬಿಸಾಡಿ ಹೊಸದನ್ನೇ ಕೊಳ್ಳುತ್ತ ಹೋದರೆ ಆ ಕಬ್ಬಿಣ ಇನ್ನಾವುದೋ ಊರಿನ ಗುಡ್ಡದಿಂದ ಬರಲೇಬೇಕಲ್ಲ!

ಇಷ್ಟಾದರೂ ಹಳೆಯ ಗಾಡಿಗಳೆಲ್ಲ ಪರಿಸರಸ್ನೇಹಿ ಎಂದು ನಾನು ಹೇಳಲಾರೆ. ಹಳೆಯ ಬುಲೆಟ್ ಲೀಟರಿಗೆ ಮೂವತ್ತು, ಮೂವತ್ತೈದು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಇಂದಿನ ಸಣ್ಣ ಬೈಕು ಅದರ ಎರಡರಷ್ಟು ಕೊಡುತ್ತದೆ. ಹೊಗೆಯ ವಿಷಯದಲ್ಲಂತೂ 2020ರ ಬಿಎಸ್-6 ಮಾನದಂಡಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಕಟ್ಟಾಯದಿಂದ ಹಾಸನಕ್ಕೆ ದಿನವೂ ಓಡಾಡುವ ನೌಕರ ಬುಲೆಟ್ಟಿನಲ್ಲಿ ಹೋಗುವುದು ದುಂದು. ಅವನಿಗೆ ಬಸ್ಸೇ ಲೇಸು. ಆದರೆ ವಾರಕ್ಕೊಮ್ಮೆ ಸಂತೆಗೆ, ಆಗೀಗ ಗೊರೂರಿಗೋ ಅರಕಲಗೂಡಿಗೋ ಹೋಗಿಬರುವ ಗಾಡಿಯನ್ನು ಗುಜರಿಗೆ ಹಾಕಿ ಹೊಸದನ್ನು ತರುವುದರಿಂದ ಭೂಮಿಗೆ ಯಾವ ಲಾಭವೂ ಇಲ್ಲ. ಗಾಡಿಯ ವಯಸ್ಸಿಗಿಂತ ಅದರ ಓಟವನ್ನು ಲೆಕ್ಕ ಹಾಕಬೇಕು.

ಸರಕಾರ ಲೆಕ್ಕ ಹಾಕುವುದು ವಯಸ್ಸನ್ನೇ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ಈ ಶುಲ್ಕ 2025ರ ಆಗಸ್ಟಿನಿಂದ ಎರಡು ಸಾವಿರ ರೂಪಾಯಿ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರಗಳ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ. ಅಷ್ಟು ಕೊಟ್ಟರೂ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ್‍ಯಾಲಿಗಳಿಗೆ ಮಾತ್ರ. ಸಂಗ್ರಾಹಕ ಶ್ರೀಮಂತರಿಗೆ ಇದು ಒಪ್ಪುತ್ತದೆ. ಅಪ್ಪನ ಗಾಡಿಯಲ್ಲಿ ಗೊಬ್ಬರದ ಚೀಲ ತರುವ ರೈತನಿಗೆ ಇದರಲ್ಲಿ ಜಾಗವೆಲ್ಲಿ?

ಜೀರ್ಣೋದ್ಧಾರದ ಹೆಸರಿನ ಶೋಕಿಯ ಬಗ್ಗೆಯೂ ಹೇಳಬೇಕು. ನನ್ನ ಬಳಿ ಇರುವ 1974ರ ಗಾಡಿಯನ್ನು ಪಟ್ಟಣದ ಗ್ಯಾರೇಜೊಂದಕ್ಕೆ ಒಯ್ದಾಗ ಅವರು ಮೊದಲು ಕೇಳಿದ್ದು ಎಂಜಿನ್ನಿನ ಆರೋಗ್ಯವನ್ನಲ್ಲ, ಕ್ರೋಮ್ ಎಲ್ಲೆಲ್ಲಿಗೆ ಹಾಕಿಸಬೇಕೆಂಬುದನ್ನು! ಅದನ್ನು ಕೊನೆಗೆ ಸರಿಮಾಡಿಕೊಟ್ಟವರು ಪಂಪ್‌ಸೆಟ್ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ಕು. “ಬಣ್ಣ ಹಂಗೇ ಇರ್ಲಿ ಬಿಡಿ ಡಾಕ್ಟ್ರೇ, ಮೊದ್ಲು ಉಸಿರಾಟ ನೋಡಾಣ” ಎಂದರು. ಇನ್ನು ಸೈಲೆನ್ಸರಿನ ಒಳಗಿನ ತಡೆ ಕಿತ್ತೆಸೆದು, ಬಿಸಿಲೆ, ಶಿರಾಡಿಯ ಕಾಡುದಾರಿಗಳಲ್ಲಿ ಗುಡುಗುತ್ತಾ ಸಾಲುಗಟ್ಟಿ ಹೋಗುವವರಿದ್ದಾರೆ. ಅದು ಬುಲೆಟ್ಟಿನ ದನಿಯಲ್ಲ. ಸರಿಯಾದ ಸೈಲೆನ್ಸರ್ ಇರುವ ಹಳೆಯ ಗಾಡಿಯದು ಗಂಭೀರವಾದ ಮೆಲುದನಿ. ಕಾಡಿನಲ್ಲಿ ಅಬ್ಬರಿಸುವ ಗಾಡಿಗಳನ್ನು ತಡೆದು ದಂಡ ಹಾಕುವುದನ್ನು ನಾನು ಬುಲೆಟ್ ಪ್ರಿಯನಾಗಿಯೇ ಬೆಂಬಲಿಸುತ್ತೇನೆ.

ಈಗ ಎದುರಾಗಿರುವ ದೊಡ್ಡ ತೊಡಕು ಪೆಟ್ರೋಲಿನೊಳಗೇ ಇದೆ. 2025ರಲ್ಲಿ ದೇಶ ಶೇ. 20 ಎಥೆನಾಲ್ ಮಿಶ್ರಣದ ಗುರಿ ಮುಟ್ಟಿತು. ಎಥೆನಾಲ್ ಬೆರೆಸದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಎಥೆನಾಲ್ ಆಕ್ಟೇನ್ ಹೆಚ್ಚಿಸುತ್ತದೆ, ನಿಜ, ಆದರೆ 6.5:1ರ ಸಂಕೋಚನದ ಹಳೆಯ ಬುಲೆಟ್ಟಿಗೆ ಅದು ಬೇಕಾಗಿಯೇ ಇಲ್ಲ. ಅದಕ್ಕೆ ದಕ್ಕುವುದು ತೊಂದರೆಗಳು ಮಾತ್ರ: ಹಳೆಯ ರಬ್ಬರ್ ಕೊಳವೆ, ವಾಷರುಗಳು ಉಬ್ಬಿ ಬಿರುಕು ಬಿಡುತ್ತವೆ, ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ನಮ್ಮ ಜೂನ್, ಜುಲೈ ತಿಂಗಳ ತೇವದಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ.

ಇದು ರೈತನ ಒಳಿತಿಗೆ ಎನ್ನುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎಥೆನಾಲಿಗೆ ಕಬ್ಬಿಗಿಂತ ಹೆಚ್ಚಾಗಿ ಧಾನ್ಯವೇ, ಅದರಲ್ಲೂ ಮುಸುಕಿನ ಜೋಳವೇ ಹೋಗುತ್ತಿದೆ. ಅಂಗಮಾರಿಗೆ ಬೇಸತ್ತು ಆಲೂಗಡ್ಡೆ ಬಿಟ್ಟ ನಮ್ಮವರು ಹಿಡಿದದ್ದೂ ಅದನ್ನೇ. ಆದರೆ 2025ರ ಕೊನೆಯಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಕಾಗದದಲ್ಲಿದ್ದಾಗ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಹಾಗಿರುವಾಗ ಟ್ಯಾಂಕಿಗೆ ಹೋದ ಜೋಳದ ಲಾಭ ಯಾರಿಗೆ ಸೇರಿತು? ಹಾಸನದ ಪಕ್ಕದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು ಮುಂತಾದ ಬದುವಿನ ಮರಗಳ ಎಣ್ಣೆಯ ಬಗ್ಗೆ ಕೆಲಸ ಮಾಡಿದೆ. ಉಣ್ಣುವ ಧಾನ್ಯದ ನೆಲವನ್ನು ಕಸಿಯದ ಆ ದಾರಿಗೆ ಸರಕಾರ ಇದೇ ಉತ್ಸಾಹ ತೋರಿದ್ದರೆ ಮಾತೇ ಬೇರೆಯಾಗುತ್ತಿತ್ತು.

ನನ್ನ ಸಲಹೆ ಸಣ್ಣದು. ಹೋಬಳಿಗೊಂದರಂತೆ, ಮುಂಗಾರಿಗೆ ಮೊದಲು, ಹಳೆಯ ಗಾಡಿಗಳ ಶಿಬಿರ ನಡೆಯಲಿ. ಐಟಿಐ ವಿದ್ಯಾರ್ಥಿಗಳು ಬರಲಿ. ಕಲಿಸಲು ಊರಿನ ಹಿರಿಯ ಮೆಕ್ಯಾನಿಕ್ಕುಗಳನ್ನೇ ಗೌರವಧನ ಕೊಟ್ಟು ಕರೆಯಲಿ, ಅವರ ಕೈಯಲ್ಲಿರುವ ವಿದ್ಯೆ ಯಾವ ಪಠ್ಯದಲ್ಲೂ ಇಲ್ಲ. ಸಾರಿಗೆ ಕಚೇರಿಯವರು ಒಂದು ದಿನ ಬಂದು ಕೈಯಿಂದ ಕೈಗೆ ದಾಟಿ ಹೆಸರು ಬದಲಾಗದೇ ಉಳಿದ ಗಾಡಿಗಳ ಕಾಗದಪತ್ರ ನೇರ್ಪಡಿಸಿಕೊಡಲಿ. ಕಟ್ಟಾಯದಲ್ಲಿ ಮೊದಲ ಶಿಬಿರ ನಡೆದರೆ ನನ್ನ ಗಾಡಿಯನ್ನೇ ಬಿಚ್ಚಿ ಕಲಿಯಲು ಕೊಡುತ್ತೇನೆ. ಅಲ್ಲಿಯವರೆಗೆ, ಕೊಟ್ಟಿಗೆಯಲ್ಲಿ ಬುಲೆಟ್ ಇರುವವರು ಮಳೆಗೆ ಮುಂಚೆ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬಟ್ಟಲನ್ನೂ ಬರಿದು ಮಾಡಿ, ಒಳಗೆ ಒಂದಿಷ್ಟು ಎಂಜಿನ್ ಎಣ್ಣೆ ಆಡಿಸಿ ಇಡಿ. ಪೆಟ್ರೋಲ್ ಕೊಳವೆಯನ್ನು ಎಥೆನಾಲ್ ತಡೆಯುವ ಹೊಸದಕ್ಕೆ ಬದಲಿಸಿ. ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿಸಿ. ಗುಜರಿಯವರು ಬಂದರೆ ಮುಂದಿನ ವರ್ಷ ಬನ್ನಿ ಎನ್ನಿ.