ಕೊರೆಯುವ ಚಳಿಯಲ್ಲಿ ನೀರಿನ ಪೈಪ್ ಒಡೆಯುವುದೇಕೆ? ನಲ್ಲಿ ತೆರೆದಿಟ್ಟರೆ ಸಾಕೇ?

ಅಮೆರಿಕದಲ್ಲಿ ಶೀತಗಾಳಿ ಬೀಸಲಿದೆ ಎಂಬ ಸುದ್ದಿ ಬಂದರೆ ಸಾಕು, ಅಲ್ಲಿರುವ ಮಕ್ಕಳು ಮೊಮ್ಮಕ್ಕಳಿಗಾಗಿ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲೂ ಸಲಹೆಗಳು ಓಡಾಡಲು ಶುರುವಾಗುತ್ತವೆ. ‘ರಾತ್ರಿಯಿಡೀ ಎಲ್ಲ ನಲ್ಲಿ ತೆರೆದಿಡಿ’, ‘ಪೈಪಿಗೆ ಬಟ್ಟೆ ಸುತ್ತಿದರೆ ಏನೂ ಆಗುವುದಿಲ್ಲ’, ‘ಪ್ಲಾಸ್ಟಿಕ್ ಪೈಪ್ ಒಡೆಯುವುದೇ ಇಲ್ಲ’, ‘ಹೆಪ್ಪುಗಟ್ಟಿದರೆ ಬೆಂಕಿ ತೋರಿಸಿ’. ಇವುಗಳಲ್ಲಿ ಮೊದಲನೆಯದು ಅರ್ಧ ಸರಿ, ನಡುವಿನ ಎರಡು ತಪ್ಪು, ಕೊನೆಯದು ಅಪಾಯಕಾರಿ. ಯಾಕೆ ಎಂದು ತಿಳಿಯಬೇಕಾದರೆ ಪೈಪ್ ಹೇಗೆ ಒಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಟೆಕ್ಸಾಸ್‌ನಲ್ಲಿ ಏನಾಯಿತು?

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಹಿಮಗಾಳಿ ಅಪ್ಪಳಿಸಿತು. ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಲಕ್ಷಾಂತರ ಮನೆಗಳಿಗೆ ಕರೆಂಟ್ ಇರಲಿಲ್ಲ. ಸರ್ಕಾರಿ ಲೆಕ್ಕದಂತೆ 246 ಜನ ಸತ್ತರು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕನ್ನಡಿಗರ ಸಂಖ್ಯೆ ದೊಡ್ಡದಿರುವುದರಿಂದ ಆ ವಾರ ನಮ್ಮೂರುಗಳಲ್ಲೂ ಅನೇಕರು ನಿದ್ದೆಗೆಟ್ಟರು.

ಟೆಕ್ಸಾಸ್ ಬಿಸಿಲಿನ ನಾಡು. ಅಲ್ಲಿನ ಎಷ್ಟೋ ಮನೆಗಳಲ್ಲಿ ನೀರಿನ ಪೈಪ್ ಹಾದುಹೋಗುವುದು ಛಾವಣಿಯ ಕೆಳಗಿನ ಅಟ್ಟದಲ್ಲಿ ಅಥವಾ ಹೊರಗೋಡೆಯಲ್ಲಿ. ಮನೆಯೊಳಗಿನ ಹೀಟರ್ ನಿಂತ ಮೇಲೆ ಆ ಜಾಗಗಳು ಬೇಗ ತಣ್ಣಗಾದವು, ಪೈಪುಗಳು ಒಡೆದವು. ಆದರೆ ಎಷ್ಟೋ ಜನರಿಗೆ ಅದು ಗೊತ್ತಾಗಿದ್ದು ಚಳಿ ಕಡಿಮೆಯಾದ ಮೇಲೆ. ಕಲ್ಲಿನಂತೆ ಗಟ್ಟಿಯಾಗಿದ್ದ ನೀರು ಕರಗಿ ಹರಿದಾಗ ಛಾವಣಿ ಕುಸಿದು ನೀರು ಮನೆಯೊಳಗೆ ಸುರಿಯಿತು.

ಮಂಜುಗಡ್ಡೆ ಇರುವ ಜಾಗದಲ್ಲೇ ಪೈಪ್ ಒಡೆಯುತ್ತದೆಯೇ?

ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಿಗ್ಗಿದ ಗಡ್ಡೆ ಪೈಪಿನ ಗೋಡೆಯನ್ನು ತಳ್ಳಿ ಒಡೆಯುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು 1990ರ ದಶಕದಲ್ಲಿ ಪ್ರಯೋಗ ಮಾಡಿದಾಗ ಕಂಡಿದ್ದು ಬೇರೆ.

ಪೈಪಿನ ಒಂದು ಕಡೆ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಇನ್ನೊಂದು ಕಡೆ ನಲ್ಲಿ ಬಂದ್ ಆಗಿರುತ್ತದೆ. ನಡುವೆ ಇನ್ನೂ ದ್ರವವಾಗಿಯೇ ಇರುವ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಗಡ್ಡೆ ಬೆಳೆಯುತ್ತಾ ಹೋದಂತೆ ಆ ನೀರನ್ನು ಒತ್ತುತ್ತದೆ. ತುದಿಗೆ ಬೆರಳಿಟ್ಟು ಪಿಚಕಾರಿ ಒತ್ತಿದಂತೆ ಇದು. ಒಳಗಿನ ಒತ್ತಡ ಮಾಮೂಲಿಗಿಂತ ಹತ್ತಾರು ಪಟ್ಟು ಏರಿ, ದುರ್ಬಲವಾದ ಕಡೆ ಪೈಪ್ ಸೀಳುತ್ತದೆ. ಎಷ್ಟೋ ಸಲ ಸೀಳುವ ಜಾಗದಲ್ಲಿ ಗಡ್ಡೆಯೇ ಇರುವುದಿಲ್ಲ.

ಈ ಒಂದು ಅಂಶ ತಿಳಿದರೆ ಫಾರ್ವರ್ಡ್‌ಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅಳೆಯಬಹುದು.

ಹೇಳಿಕೆ: ಎಲ್ಲ ನಲ್ಲಿ ತೆರೆದಿಡಿ

ಅರ್ಧ ಸರಿ. ನಲ್ಲಿ ಸ್ವಲ್ಪ ತೆರೆದಿದ್ದರೆ ಸಿಕ್ಕಿಬಿದ್ದ ನೀರಿಗೆ ಹೊರಗೆ ಹೋಗಲು ದಾರಿ ಸಿಗುತ್ತದೆ, ಒತ್ತಡ ಏರುವುದಿಲ್ಲ. ಗಡ್ಡೆ ಕಟ್ಟಿದರೂ ಪೈಪ್ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಇದಕ್ಕೆ ಧಾರಾಕಾರವಾಗಿ ನೀರು ಬಿಡಬೇಕಿಲ್ಲ. ಹೊರಗೋಡೆ ಅಥವಾ ಅಟ್ಟದ ಪೈಪಿನಿಂದ ನೀರು ಬರುವ ನಲ್ಲಿಯಲ್ಲಿ, ತಣ್ಣೀರು ಮತ್ತು ಬಿಸಿನೀರು ಎರಡೂ ಕಡೆ, ಸಣ್ಣಗೆ ತೊಟ್ಟಿಕ್ಕುವಂತೆ ಬಿಟ್ಟರೆ ಸಾಕು. ಬಿಸಿನೀರಿನ ಪೈಪನ್ನು ಮರೆಯಬಾರದು. ಬಳಸದೆ ನಿಂತರೆ ಅದರ ನೀರೂ ತಣ್ಣಗಾಗಿ ಹೆಪ್ಪುಗಟ್ಟುತ್ತದೆ.

ಊರಿಗೆ ಊರೇ ನಲ್ಲಿ ತೆರೆದಿಟ್ಟರೆ ಸರಬರಾಜಿನ ಒತ್ತಡ ಕುಸಿಯುತ್ತದೆ. 2021ರಲ್ಲಿ ಹ್ಯೂಸ್ಟನ್ ನಗರಾಡಳಿತ, ನೀರು ಹರಿಯಬಿಡಬೇಡಿ, ಮೇನ್ ವಾಲ್ವ್ ಬಂದ್ ಮಾಡಿ ಪೈಪುಗಳನ್ನು ಖಾಲಿ ಮಾಡಿ ಎಂದು ಜನರನ್ನು ಕೇಳಿಕೊಂಡಿತು. ಆದ್ದರಿಂದ ಫಾರ್ವರ್ಡ್‌ಗಿಂತ ಸ್ಥಳೀಯ ಆಡಳಿತದ ಮಾತೇ ಮೇಲು. ಕರೆಂಟ್ ಹೋಗಿ ಮನೆ ತಣ್ಣಗಾಗುತ್ತಿದ್ದರೆ, ಇಲ್ಲವೇ ಮನೆ ಬೀಗ ಹಾಕಿ ಹೋಗುವುದಿದ್ದರೆ, ಪೈಪ್ ಖಾಲಿ ಮಾಡುವುದೇ ಹೆಚ್ಚು ಸುರಕ್ಷಿತ. ನೀರೇ ಇಲ್ಲದ ಪೈಪಿನಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ.

ಹೇಳಿಕೆ: ಬಟ್ಟೆ ಅಥವಾ ಫೋಮ್ ಸುತ್ತಿದರೆ ಭಯವಿಲ್ಲ

ತಪ್ಪು. ಸುತ್ತುವುದು ಒಳ್ಳೆಯದೇ, ಆದರೆ ಹೊದಿಕೆ ತಾನಾಗಿ ಶಾಖ ಕೊಡುವುದಿಲ್ಲ. ಇರುವ ಶಾಖ ಹೊರಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಐಸ್ ಕರಗದಿರಲಿ ಎಂದು ಮರದ ಹೊಟ್ಟು, ಗೋಣಿಚೀಲ ಮುಚ್ಚುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಒಂದು ರಾತ್ರಿಯ ಚಳಿಯನ್ನು ಅದು ತಡೆಯಬಹುದು. ದಿನಗಟ್ಟಲೆ ಮನೆ ತಣ್ಣಗಿದ್ದರೆ ಹೊದಿಕೆಯೊಳಗಿನ ನೀರೂ ಗಡ್ಡೆಯಾಗುತ್ತದೆ. ಹೊದಿಕೆಯ ಜೊತೆಗೆ ಮನೆಯೊಳಗೆ ಒಂದಿಷ್ಟು ಬೆಚ್ಚಗಿರಬೇಕು. ಊರಿಗೆ ಹೋಗುವಾಗಲೂ ಹೀಟರ್ ಅನ್ನು ಪೂರ್ತಿ ಆರಿಸದೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲು ಅಲ್ಲಿ ಸಲಹೆ ಕೊಡುವುದು ಇದಕ್ಕೇ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಕೋಣೆಯ ಬಿಸಿಗಾಳಿ ಪೈಪಿಗೂ ತಲುಪುತ್ತದೆ.

ಹೇಳಿಕೆ: ಪ್ಲಾಸ್ಟಿಕ್ ಪೈಪ್ ಒಡೆಯುವುದಿಲ್ಲ

ತಪ್ಪು. ಪಿವಿಸಿ, ಸಿಪಿವಿಸಿ ಪೈಪುಗಳು ಚಳಿಗೆ ಪೆಡಸಾಗಿ ಬಿರುಕು ಬಿಡುತ್ತವೆ. ಪೆಕ್ಸ್ ಎಂಬ ಬಾಗುವ ಪೈಪ್ ಸ್ವಲ್ಪ ಹಿಗ್ಗಿ ತಾಳಿಕೊಳ್ಳುತ್ತದೆ, ಆದರೆ ಅದರ ಜೋಡಣೆಗಳು ಒಡೆಯಬಹುದು.

ಸೊನ್ನೆ ಡಿಗ್ರಿ ಮುಟ್ಟಿದ ಕೂಡಲೇ ಅಪಾಯವೇ?

ಮನೆಯೊಳಗಿನ ಪೈಪುಗಳಿಗೆ ಸಾಮಾನ್ಯವಾಗಿ ಅಲ್ಲ. ಹೊದಿಕೆಯಿಲ್ಲದ ಅಟ್ಟದ ಪೈಪುಗಳಿಗೆ ಹೊರಗಿನ ಉಷ್ಣಾಂಶ ಸುಮಾರು ಮೈನಸ್ 7 ಡಿಗ್ರಿಗೆ ಇಳಿದಾಗ ಎಚ್ಚರ ಬೇಕು ಎಂಬುದು ಅದೇ ಇಲಿನಾಯ್ ಅಧ್ಯಯನದ ಅಂದಾಜು. ಗಾಳಿ ನುಗ್ಗುವ ಸಂದು ಇದ್ದರೆ ಅದಕ್ಕೂ ಮುಂಚೆಯೇ ಗಡ್ಡೆ ಕಟ್ಟಬಹುದು. ನಮ್ಮ ಬೀದರ್, ವಿಜಯಪುರಗಳ ಚಳಿಗೆ ಪೈಪ್ ಒಡೆಯುವ ಚಿಂತೆಯಿಲ್ಲ. ಆದರೆ ಶ್ರೀನಗರದಲ್ಲಿ, ಡಿಸೆಂಬರ್ 21ರಿಂದ 40 ದಿನ ಇರುವ ‘ಚಿಲ್ಲೈ ಕಲಾನ್’ ಎಂಬ ಕಡುಚಳಿಯಲ್ಲಿ, ನಲ್ಲಿಗಳು ಹೆಪ್ಪುಗಟ್ಟುವುದು ಮಾಮೂಲಿ. ಕೆಲಸಕ್ಕೋ ಸೇನೆಗೋ ಅತ್ತ ಹೋದವರಿಗೂ ಈ ಮಾಹಿತಿ ಬೇಕಾಗುತ್ತದೆ.

ಹೇಳಿಕೆ: ಬೆಂಕಿ ತೋರಿಸಿ ಕರಗಿಸಿ

ಖಂಡಿತ ಬೇಡ. ಗೋಡೆಯೊಳಗಿನ ಮರ, ಫೋಮ್‌ಗೆ ಬೆಂಕಿ ಹತ್ತಬಹುದು. ಒಂದೇ ಕಡೆ ನೀರು ಕುದಿದು ಆವಿಯಾಗಿ ಪೈಪ್ ಸಿಡಿಯಬಹುದು. ನಲ್ಲಿ ತೆರೆದಿಟ್ಟು, ನಲ್ಲಿಯ ತುದಿಯಿಂದ ಶುರುಮಾಡಿ ಹಿಂದಕ್ಕೆ, ಹೇರ್ ಡ್ರೈಯರ್ ಅಥವಾ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್‌ನಿಂದ ನಿಧಾನವಾಗಿ ಕಾಯಿಸಬೇಕು. ನೆಲ ಒದ್ದೆಯಿದ್ದರೆ ಕರೆಂಟಿನ ಉಪಕರಣ ಮುಟ್ಟಬಾರದು.

ಮನೆ ಬೆಚ್ಚಗಿಡಲು ಇದ್ದಿಲು ಒಲೆ ಹಚ್ಚುವುದು, ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿಡುವುದು ಇನ್ನೂ ಅಪಾಯ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. 2021ರ ಆ ವಾರ ಹ್ಯೂಸ್ಟನ್ ಸುತ್ತಮುತ್ತ ನೂರಾರು ಜನ ಈ ವಿಷಾನಿಲದಿಂದ ಆಸ್ಪತ್ರೆ ಸೇರಿದರು. ಒಡೆದ ಪೈಪನ್ನು ಬದಲಿಸಬಹುದು, ಹೋದ ಜೀವ ಬರುವುದಿಲ್ಲ.

ಹಾಗಾದರೆ ಏನನ್ನು ಹಂಚಿಕೊಳ್ಳಬೇಕು?

ಚಳಿಯ ನಾಡಿನಲ್ಲಿರುವ ನಿಮ್ಮವರಿಗೆ ಇಷ್ಟನ್ನು ಕಳಿಸಿ:

• ಮನೆಯ ಮೇನ್ ವಾಲ್ವ್ ಎಲ್ಲಿದೆ ಎಂದು ಇವತ್ತೇ ಹುಡುಕಿ, ತಿರುಗಿಸಿ ನೋಡಿ. ಪೈಪ್ ಒಡೆದಾಗ ಮೊದಲು ಮಾಡಬೇಕಾದ ಕೆಲಸ ಅದನ್ನು ಬಂದ್ ಮಾಡುವುದು.
• ಹೊರಗಿನ ನಲ್ಲಿಗೆ ಹಾಕಿದ ತೋಟದ ಪೈಪ್ ಬಿಚ್ಚಿಡಿ. ಅಟ್ಟ, ಗ್ಯಾರೇಜು, ಹೊರಗೋಡೆಯ ಪೈಪುಗಳಿಗೆ ಹೊದಿಕೆ ಸುತ್ತಿ. ಗಾಳಿ ನುಗ್ಗುವ ಸಂದು ಮುಚ್ಚಿ.
• ಚಳಿಯ ರಾತ್ರಿ ನಲ್ಲಿ ತೊಟ್ಟಿಕ್ಕಲಿ. ನೀರು ಹರಿಯಬಿಡಬೇಡಿ ಎಂದು ನಗರಾಡಳಿತ ಹೇಳಿದರೆ ಮೇನ್ ವಾಲ್ವ್ ಬಂದ್ ಮಾಡಿ ಪೈಪ್ ಖಾಲಿ ಮಾಡಿ.
• ನಲ್ಲಿಯಲ್ಲಿ ನೀರು ನಿಂತರೆ ಪೈಪ್ ಹೆಪ್ಪುಗಟ್ಟಿದೆ ಎಂದೇ ತಿಳಿಯಿರಿ. ಚಳಿ ಇಳಿದು ಗಡ್ಡೆ ಕರಗುವಾಗ ಮನೆಯಲ್ಲಿ ಯಾರಾದರೂ ಇರಲಿ. ಸೋರಿಕೆ ಕಾಣುವುದು ಆಗಲೇ.