ಹುಬ್ಬೆ ಮಳೇಲಿ ಮನೆ ನೋಡಿ

ಮೂವತ್ತು ದಾಟೋ ಮುಂಚೆ ಬೆಂಗಳೂರಲ್ಲಿ ಸ್ವಂತ ಮನೆ ಆಗ್ಬೇಕು ಅಂತ ನಾನು, ನನ್ನ ಹೆಂಡತಿ ಎಕ್ಸೆಲ್ ಶೀಟ್ ಮಾಡಿದ್ವಿ. ಆಫೀಸಿಗೆ ಎಷ್ಟು ದೂರ, ಮೆಟ್ರೋ ಇದೆಯಾ, ಇಎಂಐ ಎಷ್ಟು... ಎಲ್ಲಕ್ಕೂ ಒಂದೊಂದು ಕಾಲಂ. ಮಳೆಗೆ ಮಾತ್ರ ಇರಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತೆ. ಬೆಂಗಳೂರಿನ ಸರಾಸರಿ ಸುಮಾರು 970. ಇದೂ ಒಂದು ಮಳೆನಾ ಅನ್ನೋ ಉಡಾಫೆ ನನಗೆ.

2022ರ ಸೆಪ್ಟೆಂಬರಿನಲ್ಲಿ ಆ ಉಡಾಫೆ ಇಳೀತು. ಬೆಳ್ಳಂದೂರು ಹತ್ತಿರ ನೆಲಮಹಡಿಯ ಬಾಡಿಗೆ ಮನೆ. ರಾತ್ರಿ ಬಾತ್‌ರೂಮಿನ ಮೋರಿಯಿಂದಲೇ ನೀರು ಉಕ್ಕಿ ಬಂತು. ಬೆಳಿಗ್ಗೆ ಆರು ತಿಂಗಳ ಬಸುರಿ ಹೆಂಡತಿಯನ್ನ ಟ್ರ್ಯಾಕ್ಟರ್ ಹತ್ತಿಸಿ ಹೊರಗೆ ಕರ್ಕೊಂಡು ಬಂದೆ.

ಫೋನಲ್ಲಿ ಅಪ್ಪ ಅಂದಿದ್ದು ಇಷ್ಟೇ: "ಎಷ್ಟು ಮಳೆ ಅಂತ ಲೆಕ್ಕ ಹಾಕ್ಬೇಡ ಮಾರಾಯ. ಬಿದ್ದ ನೀರು ಎಲ್ಲಿಗೆ ಹೋಗುತ್ತೆ ನೋಡು. ಬಸಿಗಾಲುವೆ ತೆಗೀದೆ ತೋಟ ಉಳಿಯುತ್ತಾ?"

ಆಮೇಲೆ ಓದಿ ತಿಳ್ಕೊಂಡೆ. ಬೆಂಗಳೂರು ಇರೋದು ದಿಬ್ಬದ ಮೇಲೆ. ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ರಾಜಕಾಲುವೆ ಹಿಡಿದು ಕೆರೆಯಿಂದ ಕೆರೆಗೆ ಇಳಿಯುತ್ತೆ. ನಾವಿದ್ದದ್ದು ಆ ದಾರಿಯ ತಗ್ಗಿನಲ್ಲೇ.

ಇನ್ನೊಂದು ವಿಷಯ. ನಮ್ಮೂರಲ್ಲಿ ಜೋರು ಮಳೆ ಜುಲೈನಲ್ಲಿ, ಪುನರ್ವಸು ಪುಷ್ಯಕ್ಕೆ. ಬೆಂಗಳೂರಿನ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಲ್ಲಿ, ಅಂದ್ರೆ ಹುಬ್ಬೆಯಿಂದ ಚಿತ್ತೆವರೆಗೆ. ನಾವೋ, ಮನೆ ನೋಡೋಕೆ ಹೋಗಿದ್ದು ಫೆಬ್ರವರಿಯಲ್ಲಿ!

ಒಂದು ಫ್ಲಾಟ್ ತುಂಬಾ ಇಷ್ಟವಾಗಿ ಅಡ್ವಾನ್ಸ್ ಕೊಡೋದರಲ್ಲಿದ್ವಿ. ಅಪ್ಪನ ಮಾತು ನೆನಪಾಗಿ ಒಂದು ಮಳೆಗಾಲ ತಡೆದ್ವಿ. ಸೆಪ್ಟೆಂಬರಿನ ಒಂದು ಸಂಜೆ ಹೋದ್ರೆ ಬೇಸ್‌ಮೆಂಟಲ್ಲಿ ಮೊಣಕಾಲುದ್ದ ನೀರು. ಇಸ್ತ್ರಿ ಅಂಗಡಿಯವರು ನಕ್ಕು, "ಪ್ರತಿ ವರ್ಷ ಹಿಂಗೇ ಸಾರ್" ಅಂದ್ರು. ಬ್ರೋಕರ್ ಇದನ್ನ ಹೇಳಿರಲೇ ಇಲ್ಲ.

ನೀವೂ ಮನೆ ಹುಡುಕ್ತಿದ್ರೆ ಎರಡು ಸಲ ಹೋಗಿ. ಹುಬ್ಬೆ ಮಳೇಲಿ ಒಂದು ಸಲ, ಏಪ್ರಿಲ್ ಬಿಸಿಲಲ್ಲಿ ಒಂದು ಸಲ. ಏಪ್ರಿಲಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ ಎಣಿಸಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ್ದು ಮರೀಬೇಡಿ. ದಿಶಾಂಕ್ ಆ್ಯಪಲ್ಲಿ ಸುತ್ತಮುತ್ತ ಕೆರೆ, ಕಾಲುವೆ ಎಲ್ಲಿದೆ ನೋಡಿ. ಮಳೆನೀರು ಕೊಯ್ಲು ಇದೆಯಾ ಕೇಳಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್ ನೀರು. ಅಂದ್ರೆ 30x40 ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್ ದಾಟುತ್ತೆ.

ಕೊನೆಗೆ ನಾವು ತಗೊಂಡಿದ್ದು ಎತ್ತರದ ಜಾಗದಲ್ಲಿರೋ ಚಿಕ್ಕ ಫ್ಲಾಟ್. ಆಫೀಸಿಗೆ ಮುಕ್ಕಾಲು ಗಂಟೆ ಜಾಸ್ತಿ. ಬೈಕೊಳ್ಳೋ ದಿನಗಳೂ ಇವೆ. ಆದ್ರೆ ಮೊನ್ನೆ ಮಧ್ಯರಾತ್ರಿ ಜಡಿಮಳೆ ಸದ್ದಿಗೆ ಎದ್ದು, ಅಭ್ಯಾಸಬಲದಿಂದ ಬಾತ್‌ರೂಮಿನ ಮೋರಿ ನೋಡ್ದೆ. ಒಣಗಿತ್ತು. ಮಗಳಿಗೆ ಹೊದಿಕೆ ಸರಿಮಾಡಿ ಮಲಗಿದೆ.