ಬ್ಯಾಂಕುಗಳ ಮುಯ್ಯಾಳು

ಮಂಡ್ಯ ಸೀಮೆಯವರಿಗೆ ಮುಯ್ಯಾಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಸಿಟಿಯಲ್ಲೇ ಬೆಳೆದವರಿಗಾಗಿ ಒಂದು ಮಾತು: ನಾಟಿ ಕಾಲದಲ್ಲಿ ಇವತ್ತು ನಾವು ನಿಮ್ಮ ಗದ್ದೆಗೆ ಬರ್ತೀವಿ, ನಾಳೆ ನೀವು ನಮ್ಮ ಗದ್ದೆಗೆ ಬನ್ನಿ. ಕೂಲಿ ಇಲ್ಲ, ಲೆಕ್ಕ ಮಾತ್ರ ಇರುತ್ತೆ. ನಮ್ಮ ಹೊಳಲಿನ ಕಡೆ ಈಗ ಮುಯ್ಯಾಳು ಕಡಿಮೆಯಾಗಿದೆ. ಆದರೆ ಈ ಪದ್ಧತಿ ನಾವು ಊಹಿಸದ ಒಂದು ಕಡೆ ಇನ್ನೂ ಗಟ್ಟಿಯಾಗಿದೆ. ದೇಶದೇಶಗಳ ಕೇಂದ್ರ ಬ್ಯಾಂಕುಗಳ ನಡುವೆ.

ಕೇಂದ್ರ ಬ್ಯಾಂಕ್ ಅಂದರೆ ನಮ್ಮ ರಿಸರ್ವ್ ಬ್ಯಾಂಕ್ ಥರದ್ದು. ನೋಟು ಹೊರಡಿಸೋದು, ಬಡ್ಡಿದರ ನಿಗದಿ ಮಾಡೋದು, ಬೇರೆ ಬ್ಯಾಂಕುಗಳ ಮೇಲೆ ಕಣ್ಣಿಡೋದು ಅದರ ಕೆಲಸ. ಈ ಕೆಲಸ ಗೊತ್ತಿರೋರು ಪ್ರಪಂಚದಲ್ಲೇ ಕಡಿಮೆ. ಹೊಸದಾಗಿ ಸ್ವಾತಂತ್ರ್ಯ ಬಂದ ದೇಶ, ಯುದ್ಧದಿಂದ ಎದ್ದ ದೇಶ, ಸಾಲದಲ್ಲಿ ಮುಳುಗಿದ ದೇಶ "ನಮಗೊಬ್ಬ ಗೊತ್ತಿರೋರನ್ನ ಕಳಿಸಿಕೊಡಿ" ಅಂತ ಕೇಳುತ್ತೆ. ಇನ್ನೊಂದು ದೇಶದ ಕೇಂದ್ರ ಬ್ಯಾಂಕು ತನ್ನ ಅಧಿಕಾರಿಯನ್ನ ಎರಡು ವಾರಕ್ಕೋ ಎರಡು ವರ್ಷಕ್ಕೋ ಎರವಲು ಕೊಡುತ್ತೆ. ಇದಕ್ಕೆ ತಾಂತ್ರಿಕ ನೆರವು ಅಂತ ಹೆಸರು. ಬಹಳ ಸಲ ನಡುವೆ ನಿಂತು ಇದನ್ನ ಹೊಂದಿಸೋದು ಐಎಂಎಫ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ.

ನಮ್ಮವರೇ ಒಬ್ಬರ ಉದಾಹರಣೆ ನೋಡಿ. ಶ್ಯಾಮಲಾ ಗೋಪಿನಾಥ್ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮಾಡಿದವರು. ರಿಸರ್ವ್ ಬ್ಯಾಂಕಿನ ಅಧಿಕಾರಿಯಾಗಿದ್ದಾಗಲೇ 2001ರಿಂದ 2003ರವರೆಗೆ ಐಎಂಎಫ್‌ನಲ್ಲಿ ಹಣಕಾಸು ವಲಯದ ಹಿರಿಯ ತಜ್ಞೆಯಾಗಿ ಕೆಲಸ ಮಾಡಿದರು. ವಾಪಸ್ ಬಂದು 2004ರಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆದರು, 2011ರವರೆಗೆ ಆ ಹುದ್ದೆಯಲ್ಲಿದ್ದರು. ಅಂಚೆ ಕಚೇರಿಯ ಸಣ್ಣ ಉಳಿತಾಯ ಯೋಜನೆಗಳ ಬಡ್ಡಿಯನ್ನ ಮಾರುಕಟ್ಟೆ ದರಕ್ಕೆ ಹೊಂದಿಸಬೇಕು ಅಂತ ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷತೆ ಅವರದೇ. ನಮ್ಮ ಅಮ್ಮಂದಿರ ಅಂಚೆ ಕಚೇರಿ ಠೇವಣಿಗೆ ಎಷ್ಟು ಬಡ್ಡಿ ಅನ್ನೋ ಲೆಕ್ಕದಲ್ಲಿ ಹೀಗೆ ಹೊರಗೆ ಹೋಗಿ ಬಂದವರ ಕೈ ಇದೆ.

ಈ ವಿಷಯ ನಮ್ಮೂರಲ್ಲಿ ಒಬ್ಬ ಹಿರಿಯರ ಹತ್ತಿರ ಎತ್ತಿದೆ. ಅವರು ಎಲೆಅಡಿಕೆ ಹಾಕ್ಕೊಳ್ತಾ ಕೇಳಿದ ಪ್ರಶ್ನೆ ನೇರವಾಗಿತ್ತು.

"ಅಲ್ಲ ಕಣಪ್ಪ, ನಮ್ ಬ್ಯಾಂಕಲ್ಲೇ ಪಾಸ್‌ಬುಕ್ ಎಂಟ್ರಿ ಹಾಕಕ್ಕೆ ಜನ ಇಲ್ಲ. ಇವ್ರು ಹೊರದೇಶಕ್ಕೆ ಆಳು ಕಳಿಸ್ತವ್ರಾ?"

"ಅದು ಬೇರೆ ಕೆಲಸದೋರು ಮಾವ. ಕೌಂಟರ್‌ನಲ್ಲಿ ಕೂರೋರಲ್ಲ."

"ಯಾರಾದ್ರೂ ಆಗ್ಲಿ. ಕಳಿಸಿದ್ರೆ ನಮ್ಗೇನು ಬಂತು?"

ಬಹಳ ಜನರ ಮನಸ್ಸಿನಲ್ಲಿರೋ ಪ್ರಶ್ನೆಯೇ ಇದು. ಉತ್ತರ ಹುಡುಕಬೇಕಾದರೆ ಮೊದಲು ನಾವು ಪಡೆದುಕೊಂಡಿದ್ದನ್ನ ನೆನಪು ಮಾಡ್ಕೋಬೇಕು.

ರಿಸರ್ವ್ ಬ್ಯಾಂಕ್ ಶುರುವಾಗಿದ್ದು 1935ರ ಏಪ್ರಿಲ್ 1ರಂದು. ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್. ಆಸ್ಟ್ರೇಲಿಯಾದ ಬ್ಯಾಂಕುಗಳಲ್ಲಿ ದಶಕಗಟ್ಟಲೆ ಪಳಗಿ, ಆಮೇಲೆ ಇಲ್ಲಿನ ಇಂಪೀರಿಯಲ್ ಬ್ಯಾಂಕಿಗೆ ಬಂದವರು. ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್ ಕುರ್ಚಿಗೆ ಬಂದಿದ್ದು 1943ರಲ್ಲಿ. ನಡುವೆ ಎಂಟು ವರ್ಷ. ಅದು ಬ್ರಿಟಿಷರ ಆಳ್ವಿಕೆ, ನಾವು ಕೇಳಿ ಕರೆಸಿಕೊಂಡಿದ್ದಲ್ಲ ಅನ್ನೋದು ನಿಜ. ಆದರೂ ಹೊರಗೆ ಕಲಿತವರ ಕೈಯಿಂದಲೇ ನಮ್ಮ ಬ್ಯಾಂಕಿನ ಮೊದಲ ಲೆಕ್ಕಪುಸ್ತಕ ತೆರೆದಿದ್ದು.

ಪಕ್ಕದ ಸಿಲೋನ್ ಮಾತ್ರ ತಾನೇ ಕೇಳಿ ಕರೆಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕದ ಫೆಡರಲ್ ರಿಸರ್ವ್‌ನಿಂದ ಜಾನ್ ಎಕ್ಸ್‌ಟರ್ ಎಂಬ ಅರ್ಥಶಾಸ್ತ್ರಜ್ಞ ಕೊಲಂಬೊಗೆ ಬಂದರು. 1949ರಲ್ಲಿ ವರದಿ ಕೊಟ್ಟರು, ಅದರ ಮೇಲೆ ಕಾನೂನು ಆಯಿತು. 1950ರ ಆಗಸ್ಟ್‌ನಲ್ಲಿ ಸಿಲೋನ್ ಸೆಂಟ್ರಲ್ ಬ್ಯಾಂಕ್ ಬಾಗಿಲು ತೆರೆಯಿತು, ಎಕ್ಸ್‌ಟರ್ ಅವರೇ ಮೊದಲ ಗವರ್ನರ್. 1953ರಲ್ಲಿ ಅವರು ಹೊರಟಾಗ, ಅವರ ಕೈಕೆಳಗೆ ಡೆಪ್ಯುಟಿ ಗವರ್ನರ್ ಆಗಿದ್ದ ಎನ್.ಯು. ಜಯವರ್ಧನ ಅದೇ ಕುರ್ಚಿಗೆ ಬಂದರು. ಮೂರೇ ವರ್ಷ.

ಮಲೇಷ್ಯಾದ ಕಥೆ ಇನ್ನೂ ಚೆನ್ನಾಗಿದೆ. 1959ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಶುರುವಾದಾಗ ಮೊದಲ ಗವರ್ನರ್ ಆಸ್ಟ್ರೇಲಿಯಾದಿಂದ ಬಂದ ವಿಲ್‌ಕಾಕ್. 1962ರಲ್ಲಿ ಮಲೇಷ್ಯಾದವರೇ ಆದ ಇಸ್ಮಾಯಿಲ್ ಆಲಿ ಜವಾಬ್ದಾರಿ ತಗೊಂಡರು. ಮುಂದೆ ಆಫ್ರಿಕಾದ ನಮೀಬಿಯಾ 1990ರಲ್ಲಿ ಸ್ವತಂತ್ರವಾಯಿತು. ಅಲ್ಲಿನ ಕೇಂದ್ರ ಬ್ಯಾಂಕಿನ ಮೊದಲ ಮೂವರು ಗವರ್ನರುಗಳೂ ಹೊರಗಿನವರು. ಮೂರನೆಯವರು ಜಾಫರ್ ಅಹ್ಮದ್, ಮಲೇಷ್ಯಾದವರು! 1959ರಲ್ಲಿ ಆಳು ಬೇಡಿದ ದೇಶ 1994ರ ಹೊತ್ತಿಗೆ ಆಳು ಕೊಡೋ ದೇಶ ಆಗಿತ್ತು. 1997ರಲ್ಲಿ ಟಾಮ್ ಅಲ್ವೀಂಡೊ ನಮೀಬಿಯಾದವರೇ ಆದ ಮೊದಲ ಗವರ್ನರ್ ಆದರು.

ಇದೇ ಮುಯ್ಯಾಳು. ವ್ಯತ್ಯಾಸ ಏನಪ್ಪಾ ಅಂದರೆ, ಕೊಟ್ಟವರಿಗೇ ವಾಪಸ್ ಕೊಡಬೇಕು ಅಂತಿಲ್ಲ. ಆಸ್ಟ್ರೇಲಿಯಾದಿಂದ ಪಡೆದದ್ದನ್ನ ನಮೀಬಿಯಾಕ್ಕೆ ತೀರಿಸಬಹುದು.

ಈಗ ಮಾವನ ಪ್ರಶ್ನೆಗೆ ಬರೋಣ. ಕಳಿಸಿದರೆ ನಮಗೇನು ಬಂತು?

ಒಂದು, ಅಕ್ಕಪಕ್ಕದವರ ದುಡ್ಡು ನಮ್ಮ ದುಡ್ಡಿಗೆ ಅಂಟಿಕೊಂಡಿದೆ. ಭೂತಾನದ ಒಂದು ಗುಲ್ಟ್ರಂ ನಮ್ಮ ಒಂದು ರೂಪಾಯಿಗೆ ಸಮ. ನೇಪಾಳದ ರೂಪಾಯಿ 1993ರಿಂದ ನಮ್ಮ ರೂಪಾಯಿಗೆ 1.60 ಲೆಕ್ಕದಲ್ಲಿ ಕಟ್ಟಿಹಾಕಿಕೊಂಡಿದೆ. 2012ರಲ್ಲಿ ಭೂತಾನದಲ್ಲಿ ಭಾರತದ ರೂಪಾಯಿಗೇ ಬರ ಬಂದು ವ್ಯಾಪಾರ ತತ್ತರಿಸಿತ್ತು. ಅಲ್ಲಿ ಲೆಕ್ಕ ತಪ್ಪಿದರೆ ಗಡಿಯ ಈ ಕಡೆ ಸರಕು ಕಳಿಸೋ ನಮ್ಮ ವ್ಯಾಪಾರಿಗೂ ಬಿಸಿ ತಟ್ಟುತ್ತೆ.

ಎರಡು, ಮನೆಗೆ ಬೆಂಕಿ ಬಿದ್ದ ಮೇಲೆ ನೀರು ಹೊರೋದಕ್ಕಿಂತ ಮೊದಲೇ ಒಲೆ ಸರಿ ಮಾಡೋದು ಅಗ್ಗ. 2022ರಲ್ಲಿ ಶ್ರೀಲಂಕಾ ಕೈಚೆಲ್ಲಿದಾಗ ಭಾರತ ಸಾಲ, ಇಂಧನ, ಔಷಧಿ ಅಂತ ಸುಮಾರು 400 ಕೋಟಿ ಡಾಲರ್‌ನಷ್ಟು ನೆರವಿಗೆ ಕೈ ಹಾಕಬೇಕಾಯಿತು. ಒಬ್ಬ ಅಧಿಕಾರಿಯನ್ನ ಎರಡು ವರ್ಷ ಕಳಿಸೋ ಖರ್ಚು ಇದರ ಮುಂದೆ ಯಾವ ಲೆಕ್ಕ? ಈ ಯೋಚನೆಯಿಂದಲೇ 2017ರಲ್ಲಿ ದೆಹಲಿಯಲ್ಲಿ ಸಾರ್ಟಾಕ್ ಎಂಬ ತರಬೇತಿ ಮತ್ತು ತಾಂತ್ರಿಕ ನೆರವಿನ ಕೇಂದ್ರ ಶುರುವಾಯಿತು. ಐಎಂಎಫ್ ನಡೆಸುತ್ತೆ. ಭಾರತ, ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾ ಈ ಆರು ದೇಶಗಳೂ ಅದರ ಖರ್ಚಿನಲ್ಲಿ ಪಾಲು ಹಾಕುತ್ತವೆ. ಪಾಲು ಹಾಕಿದವರು ಉಡಾಫೆ ಮಾಡಲ್ಲ ಅನ್ನೋದು ನಮ್ಮ ಚೀಟಿ ನಡೆಸೋರಿಗೆ ಚೆನ್ನಾಗಿ ಗೊತ್ತು.

ಮೂರು, ಹೋದವರು ಬರಿಗೈಯಲ್ಲಿ ವಾಪಸ್ ಬರಲ್ಲ. ಇನ್ನೊಬ್ಬರ ಕೆಟ್ಟ ಬ್ಯಾಂಕನ್ನ ಹತ್ತಿರದಿಂದ ನೋಡಿದವರಿಗೆ ತಮ್ಮ ಬ್ಯಾಂಕಿನ ಬಿರುಕು ಬೇಗ ಕಾಣುತ್ತೆ.

ಹಾಗಂತ ತಜ್ಞರು ಬಂದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಂದ್ಕೋಬೇಡಿ. ಶ್ರೀಲಂಕಾವನ್ನೇ ನೋಡಿ. ಎಕ್ಸ್‌ಟರ್ ರೂಪಿಸಿದ ಕಾನೂನಿನಲ್ಲಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಸರ್ಕಾರದ ಖಜಾನೆ ಕಾರ್ಯದರ್ಶಿಗೂ ಒಂದು ಕುರ್ಚಿ ಇತ್ತು. 1949ರ ಮಟ್ಟಿಗೆ ಅದು ಸಹಜವಾಗಿತ್ತು. ಆದರೆ ದುಡ್ಡು ಬೇಕಾದ ಸರ್ಕಾರವೇ ದುಡ್ಡು ಅಚ್ಚು ಹಾಕೋರ ಪಕ್ಕ ಕೂತಿದ್ದರೆ ಏನಾಗುತ್ತೆ? 2019ರ ಕೊನೆಗೆ ಅಲ್ಲಿನ ಸರ್ಕಾರ ತೆರಿಗೆಗಳನ್ನ ದೊಡ್ಡದಾಗಿ ಇಳಿಸಿತು, ಕೊರೊನಾ ಬಂತು, ಖರ್ಚು ತೂಗಿಸೋಕೆ ಕೇಂದ್ರ ಬ್ಯಾಂಕು ಸರ್ಕಾರಕ್ಕೆ ದುಡ್ಡು ಸುರಿಯಿತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಘೋಷಿಸಿತು. 2023ರಲ್ಲಿ ಹೊಸ ಕಾನೂನು ತಂದು ಸರ್ಕಾರಕ್ಕೆ ಹಾಗೆ ಸಾಲ ಕೊಡೋದಕ್ಕೆ ಬೀಗ ಹಾಕಿದರು, ಖಜಾನೆ ಕಾರ್ಯದರ್ಶಿಯ ಕುರ್ಚಿಯನ್ನೂ ತೆಗೆದರು. ಎಕ್ಸ್‌ಟರ್ ಊರಿಗೆ ಹೋಗಿ ಎಪ್ಪತ್ತು ವರ್ಷ ಆಗಿತ್ತು. ಎರವಲು ಬಂದವರು ಮನೆ ಕಟ್ಟಿಕೊಡಬಹುದು, ಸೂರು ಸೋರಿದಾಗ ಹೆಂಚು ಬದಲಾಯಿಸಬೇಕಾದವರು ಮನೆಯವರೇ.

ಇನ್ನೊಂದು ಅಪಾಯ ಕೊಡೋರ ಕಡೆಯದು. 1920ರ ದಶಕದಲ್ಲಿ ಅಮೆರಿಕದ ಪ್ರೊಫೆಸರ್ ಎಡ್ವಿನ್ ಕೆಮ್ಮರರ್ 'ದುಡ್ಡಿನ ಡಾಕ್ಟರ್' ಅಂತಲೇ ಹೆಸರಾಗಿದ್ದರು. 1923ರಲ್ಲಿ ಕೊಲಂಬಿಯಾ, 1925ರಲ್ಲಿ ಚಿಲಿ, 1927ರಲ್ಲಿ ಬೊಲಿವಿಯಾ, 1931ರಲ್ಲಿ ಪೆರು. ಹೋದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಔಷಧಿ ಚೀಟಿ: ಕೇಂದ್ರ ಬ್ಯಾಂಕ್ ಕಟ್ಟಿ, ನಿಮ್ಮ ನೋಟಿನ ಬೆಲೆಯನ್ನ ಚಿನ್ನಕ್ಕೆ ಕಟ್ಟಿ. ಪ್ರಪಂಚವನ್ನೇ ಆರ್ಥಿಕ ಕುಸಿತ ನುಂಗಿದಾಗ ಆ ದೇಶಗಳು ಒಂದೊಂದಾಗಿ ಚಿನ್ನದ ಗಂಟು ಬಿಚ್ಚಿಕೊಂಡವು. ಬ್ಯಾಂಕುಗಳು ಉಳಿದವು, ಔಷಧಿ ಉಳಿಯಲಿಲ್ಲ.

ಈ ಕಥೆ ನಮಗೆ ಯಾಕೆ ಬೇಕು ಅಂದರೆ, ಈಗ ಡಾಕ್ಟರ್ ಕುರ್ಚಿಯಲ್ಲಿ ನಾವಿದ್ದೀವಿ. ಯುಪಿಐ ನಡೆಸೋ ಎನ್‌ಪಿಸಿಐನ ಅಂತಾರಾಷ್ಟ್ರೀಯ ಸಂಸ್ಥೆ 2024ರ ಮೇನಲ್ಲಿ ನಮೀಬಿಯಾದ ಕೇಂದ್ರ ಬ್ಯಾಂಕಿನ ಜೊತೆ, ಜೂನ್‌ನಲ್ಲಿ ಪೆರುವಿನ ಕೇಂದ್ರ ಬ್ಯಾಂಕಿನ ಜೊತೆ ಯುಪಿಐ ಥರದ ವ್ಯವಸ್ಥೆ ಕಟ್ಟಿಕೊಡೋ ಒಪ್ಪಂದ ಘೋಷಿಸಿತು. ಕೆಮ್ಮರರ್ ಹೋಗಿದ್ದ ಅದೇ ಪೆರು, ಮಲೇಷ್ಯಾದವರು ಹೋಗಿದ್ದ ಅದೇ ನಮೀಬಿಯಾ. ಇದು ಪೂರ್ತಿ ಮುಯ್ಯಾಳಲ್ಲ, ಒಪ್ಪಂದದ ಕೆಲಸ. ಆದರೂ ಹೋಗೋದು ನಮ್ಮ ತಿಳಿವಳಿಕೆಯೇ.

ಹೊಳಲಿನ ಟೀ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸ್ಕ್ಯಾನ್ ಮಾಡ್ತೀವಲ್ಲ, ಅದರ ಹಿಂದೆ ಆ್ಯಪ್ ಒಂದೇ ಇಲ್ಲ. ಜನಧನ್ ಖಾತೆ ಇದೆ, ಆಧಾರ್ ಇದೆ, ಅಗ್ಗದ ಡೇಟಾ ಇದೆ. 2020ರಿಂದ ಅಂಗಡಿಯವರಿಂದ ಶುಲ್ಕ ತಗೋಬಾರದು ಅನ್ನೋ ನಿಯಮ ಇದೆ, ಅದನ್ನ ತೂಗಿಸೋಕೆ ಸರ್ಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುತ್ತೆ. ಇವು ಯಾವುವೂ ಸಾಫ್ಟ್‌ವೇರ್ ಜೊತೆ ಪೆಟ್ಟಿಗೆಯಲ್ಲಿ ಹೋಗಲ್ಲ. "ನಮ್ಮಲ್ಲಿ ನಡೀತು, ನಿಮ್ಮಲ್ಲೂ ನಡೆಯುತ್ತೆ" ಅಂತ ಹೊರಟರೆ ನಾವೂ ಚಿನ್ನದ ಚೀಟಿ ಬರೆದ ಡಾಕ್ಟರೇ.

ಹಾಗಾದರೆ ಒಳ್ಳೆ ಎರವಲು ಯಾವುದು? ಇದಕ್ಕೆ ಮಂಡ್ಯದವರು ಕೊಲಂಬೊ ತನಕ ಹೋಗಬೇಕಿಲ್ಲ. ಕೆನಡಾದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬೆಳೆರೋಗ, ಕೀಟಗಳ ತಜ್ಞರಾಗಿ ಬಂದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದರು, ಹೆಬ್ಬಾಳದಲ್ಲಿ ಕೃಷಿ ಶಾಲೆ ಕಟ್ಟಿದರು, 1933ರ ಮಂಡ್ಯ ಸಕ್ಕರೆ ಕಂಪನಿಯ ಹಿಂದೆ ನಿಂತರು. ಆಮೇಲೆ ತಮ್ಮ ದೇಶಕ್ಕೆ ಹೋದರು. ಅವರು ಬಿಟ್ಟುಹೋಗಿದ್ದು ಸಲಹೆ ಮಾತ್ರ ಅಲ್ಲ, ಕಲಿಸೋ ಶಾಲೆ ಮತ್ತು ಸಂಶೋಧನೆಯ ಅಭ್ಯಾಸ. ದಶಕಗಳ ನಂತರ ನಮ್ಮ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟರು. ಕೋಲ್‌ಮನ್ ಹೇಳಿಕೊಟ್ಟಿದ್ದಲ್ಲ ಅದು. ನಮ್ಮವರೇ ನಮ್ಮ ಮುದ್ದೆಗಾಗಿ ಹುಡುಕಿಕೊಂಡಿದ್ದು.

ನಿಮ್ಮಲ್ಲಿ ಬಹಳ ಜನ ಆನ್‌ಸೈಟ್ ಹೋಗಿ ಬಂದಿರ್ತೀರಿ, ಪ್ರಾಜೆಕ್ಟ್ ಬಿಡುವಾಗ ಕೆಟಿ ಕೊಟ್ಟಿರ್ತೀರಿ. ನೀವು ಹೊರಟ ಮರುವಾರ ಅವರು ಫೋನ್ ಮಾಡ್ತಾನೇ ಇದ್ದರೆ ಕೆಟಿ ಆಗಿಲ್ಲ ಅಂತ ಅರ್ಥ. ಕೇಂದ್ರ ಬ್ಯಾಂಕಿನ ತಜ್ಞರಿಗೂ ಅಳತೆ ಅದೇ. ಎಷ್ಟು ಪುಟದ ವರದಿ ಕೊಟ್ಟರು ಅನ್ನೋದಲ್ಲ, ಅವರ ಕುರ್ಚಿಗೆ ಆ ನೆಲದವರು ಎಷ್ಟು ವರ್ಷಕ್ಕೆ ಬಂದರು ಅನ್ನೋದು. ಭಾರತಕ್ಕೆ ಎಂಟು, ನಮೀಬಿಯಾಕ್ಕೆ ಏಳು, ಸಿಲೋನ್‌ಗೆ, ಮಲೇಷ್ಯಾಕ್ಕೆ ಮೂರು.

ಮುಂದಿನ ಸಲ ಯುಪಿಐ ಇನ್ನೊಂದು ದೇಶಕ್ಕೆ ಹೋಯಿತು ಅನ್ನೋ ಸುದ್ದಿ ಮೊಬೈಲ್‌ಗೆ ಬಂದಾಗ ಖುಷಿಪಡಿ, ಹೆಮ್ಮೆಯ ಸಂಗತಿಯೇ. ಜೊತೆಗೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ನಮ್ಮವರು ವಾಪಸ್ ಬಂದ ಮೇಲೆ ಅದನ್ನ ಅಲ್ಲಿ ರಿಪೇರಿ ಮಾಡೋರು ಯಾರು? ಆ ದೇಶದ ಹುಡುಗ ಹುಡುಗಿಯರ ಹೆಸರು ಉತ್ತರವಾಗಿ ಬಂದರೆ ನಮ್ಮ ಮುಯ್ಯಿ ತೀರಿತು ಅಂತ ಲೆಕ್ಕ.